ಬಟ್ಟೆಯ ವಿನ್ಯಾಸವೂ ಒಂದು ವಿದ್ಯೆ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಹುಳದ ಕಾಟ – ಇವು ನಾನು ನಿಮ್ಮೊಡನೆ ಆಡುವ ಮಾತು. ಇಂದು ಮಾತ್ರ ಹೈಸ್ಕೂಲಿಗೆ ಹೋಗುವ ನಿಮ್ಮ ಮಕ್ಕಳ ಬಗ್ಗೆ ಎರಡು ಮಾತು ಹೇಳಬೇಕಾಗಿದೆ.

ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ನಾವು ಹತ್ತಿ ಬೆಳೆಯುತ್ತೇವೆ. ಬಳ್ಳಾರಿ ಪೇಟೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ನಡುವೆ ನೂಲು, ಬಣ್ಣ, ನೇಯ್ಗೆ, ವಿನ್ಯಾಸ ಎಂಬ ನಾಲ್ಕು ಮೆಟ್ಟಿಲುಗಳಿವೆ. ಹೊಲಿಯುವವರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಬಟ್ಟೆ ಹೇಗಿರಬೇಕೆಂದು ಗೊತ್ತುಮಾಡುವವರಿಗೆ ಅದಕ್ಕಿಂತ ಮೇಲಿನ ಸ್ಥಾನ. ನಮ್ಮ ಮಕ್ಕಳು ಆ ಮೆಟ್ಟಿಲನ್ನೂ ಏರಬೇಡವೇ?

“ಟೇಲರ್ ಕೆಲಸಕ್ಕೆ ಶಾಲೆ ಏಕೆ?” ಎಂದು ನೀವು ಕೇಳಬಹುದು. ಇದು ಬರಿಯ ಟೇಲರ್ ಕೆಲಸವಲ್ಲ. ಜೀನ್ಸ್ ಪ್ಯಾಂಟಿನ ಕಾಲು ಮಡಚಿ ನೋಡಿರಿ. ಹೊರಗೆ ನೀಲಿ, ಒಳಗೆ ಬಿಳುಪು. ಹಾಸಿನ ನೂಲಿಗೆ ಮಾತ್ರ ನೀಲಿ ಅದ್ದಿರುತ್ತಾರೆ, ಹೊಕ್ಕು ಬಿಳಿಯದು. ಸಾಮಾನ್ಯವಾಗಿ ಹಾಸಿನ ಎಳೆ ಮೂರು ಹೊಕ್ಕಿನ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತದೆ. ಇದನ್ನು ಚೌಕುಳಿ ಕಾಗದದ ಮೇಲೆ ಬರೆದು ಲೆಕ್ಕಹಾಕುವುದೇ ವಿನ್ಯಾಸದ ಮೊದಲ ಪಾಠ.

ನೂಲಿನ ನಂಬರೂ ಲೆಕ್ಕವೇ. ಒಂದು ಲಡಿ ಎಂದರೆ 840 ಗಜ. ಒಂದು ಪೌಂಡಿಗೆ ಎಷ್ಟು ಲಡಿಯೋ ಅಷ್ಟು ನಂಬರು. 40ನೇ ನಂಬರಿನ ಒಂದು ಪೌಂಡು ನೂಲು 33,600 ಗಜ ಉದ್ದವಾಗುತ್ತದೆ. ಎಳೆ ಉದ್ದವಾದಷ್ಟೂ ನಯವಾದ ನೂಲು ಬರುತ್ತದೆ. ಧಾರವಾಡದಲ್ಲಿ ತಯಾರಾದ ಡಿ.ಸಿ.ಎಚ್.-32 ಹತ್ತಿಗೆ ಅಷ್ಟು ಹೆಸರು ಬಂದುದು ಅದರ ಉದ್ದ ಎಳೆಯಿಂದಲೇ. ಇದನ್ನು ಕಲಿತ ಮಗಳು ಮಾರುಕಟ್ಟೆಯಲ್ಲಿ ನಿಮ್ಮ ಪಕ್ಕ ನಿಂತರೆ, ನಿಮ್ಮ ಹತ್ತಿಯ ಎಳೆ ಎಷ್ಟೆಂದು ಕೇಳದೆ ಬಿಡುವಳೇ?

ಕೈಕೆಲಸದ ಮೂಲಕ ವಿದ್ಯೆ ಎಂಬುದು ಹೊಸ ಮಾತಲ್ಲ. 1937ರಲ್ಲಿಯೇ ವಾರ್ಧಾದಲ್ಲಿ ಗಾಂಧೀಜಿ ಇದನ್ನು ಹೇಳಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರನೆಯ ತರಗತಿಯಿಂದಲೇ ಕಸುಬಿನ ಪರಿಚಯವಾಗಬೇಕೆನ್ನುತ್ತದೆ. ಕೇಂದ್ರ ಪಠ್ಯಕ್ರಮದ 11 ಮತ್ತು 12ನೆಯ ತರಗತಿಗಳಿಗೆ ಬಟ್ಟೆ ವಿನ್ಯಾಸವೆಂಬ ವಿಷಯವೇ ಉಂಟು. ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಗದಗಿನಲ್ಲಿ ಕೈಮಗ್ಗ ತಂತ್ರಜ್ಞಾನದ ಡಿಪ್ಲೊಮಾ ಇದೆ. ನಮ್ಮ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ದೊರೆತಿದೆ. ತಾಂಡಾದ ತಾಯಂದಿರ ಕೈಯಲ್ಲಿದ್ದ ವಿನ್ಯಾಸಕ್ಕೆ ಸಂದ ಗೌರವ ಅದು.

ಜೂನ್ ತಿಂಗಳಿಗೆ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು ಮೂರು ಪ್ರಶ್ನೆ ಕೇಳಿರಿ. ಬಟ್ಟೆಯ ವಿಷಯ ಯಾವ ಶಾಲೆಯಲ್ಲಿ ಇದೆ? ಕಲಿಸುವ ಮಾಸ್ತರು, ಮಗ್ಗ, ಯಂತ್ರ ಇವೆಯೇ? ಮುಂದೆ ಯಾವ ಓದಿಗೆ ದಾರಿಯಾಗುತ್ತದೆ? ಇದಕ್ಕಾಗಿ ಗಣಿತ, ವಿಜ್ಞಾನಗಳನ್ನು ಕೈಬಿಡಬೇಡಿರಿ. ಬಣ್ಣ ಹಾಕುವುದು ರಸಾಯನಶಾಸ್ತ್ರ, ನೇಯುವುದು ಗಣಿತ.

ಕೊನೆಯ ಮಾತು ತಾಯಿತಂದೆಗಳಿಗೆ. ಹತ್ತಿ ಬಿಡಿಸುವುದಕ್ಕಾಗಿ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿರಿ. ಆ ಕೂಲಿ ಒಂದು ಸುಗ್ಗಿಗೆ ಮುಗಿಯುತ್ತದೆ, ವಿದ್ಯೆ ಅವಳ ಕೈಯಲ್ಲಿ ಉಳಿಯುತ್ತದೆ.