ಒಂದು ಪೆಟ್ಟಿಗೆಯೋ, ಐದು ಪೆಡಲ್‌ಗಳೋ?



ಕಳೆದ ವರ್ಷ ನಮ್ಮ ಊರಿನ ಕನ್ನಡ ಕೂಟದ ರಾಜ್ಯೋತ್ಸವದ ದಿನ. ನಾನು ಕಾರ್ಯಕ್ರಮದ ಪಟ್ಟಿ ಹಿಡಿದು, ಗಡಿಯಾರ ನೋಡುತ್ತಾ ವೇದಿಕೆಯ ಪಕ್ಕದಲ್ಲಿ ನಿಂತಿದ್ದೆ. ಒಂದು ಭಾವಗೀತೆ ಶುರುವಾಗಬೇಕಿತ್ತು. ಹಾರ್ಮೋನಿಯಂ, ತಬಲಾ, ಜೊತೆಗೆ ನಿಮ್ಮ ವಯಸ್ಸಿನ ಒಬ್ಬ ಹುಡುಗನ ಎಲೆಕ್ಟ್ರಿಕ್ ಗಿಟಾರ್. ಅವನ ಕಾಲ ಬಳಿ ಐದು ಪೆಡಲ್‌ಗಳು. ತಂತಿ ಮೀಟಿದ, ಸದ್ದೇ ಇಲ್ಲ. ಬಗ್ಗಿ ಒಂದೊಂದೇ ವೈರ್ ಅಲುಗಾಡಿಸಿ ನೋಡಿದ. ಎರಡು ನಿಮಿಷ ಕಳೆಯಿತು. ಊಟದ ಹೊತ್ತು ಮೀರುತ್ತಿತ್ತು. "ಗಿಟಾರ್ ಬಿಟ್ಟು ಶುರು ಮಾಡಿಬಿಡಿ" ಎಂದು ನಾನೇ ಸನ್ನೆ ಮಾಡಿದೆ. ಹಾಡು ಚೆನ್ನಾಗಿಯೇ ಆಯಿತು. ಹುಡುಗ ಮಾತ್ರ ಕೊನೆಯವರೆಗೂ ಗಿಟಾರ್ ತಗುಲಿಸಿಕೊಂಡು ಸುಮ್ಮನೆ ನಿಂತಿದ್ದ. ಯುಗಾದಿಗೆ ಕರೆದರೆ ಬರಲಿಲ್ಲ.

ನಾನು ಓದಿದ್ದು ಕನ್ನಡ ಎಂ.ಎ. ವೈರು, ವೋಲ್ಟೇಜು ನನ್ನ ವಿಷಯವಲ್ಲ. ಆದರೆ ಈ ಬೇಸಿಗೆ ರಜದಲ್ಲಿ ನನ್ನ ಮಗ ಕೆಲಸ ಮಾಡಿ ಉಳಿಸಿದ ದುಡ್ಡು ಮುಂದಿಟ್ಟುಕೊಂಡು, "ಅಮ್ಮಾ, ಮಲ್ಟಿ-ಎಫೆಕ್ಟ್ಸ್ ತಗೊಳ್ಳಲಾ, ಬೇರೆ ಬೇರೆ ಪೆಡಲ್ ತಗೊಳ್ಳಲಾ?" ಎಂದು ಕೇಳಿದ. ನನಗೆ ಆ ಹುಡುಗನ ಮುಖ ನೆನಪಾಯಿತು. ಮಗನ ಜೊತೆ ಕೂತು ನಾನೂ ಕಲಿತೆ. ಕಲಿತದ್ದನ್ನು ಇವತ್ತು ನಿಮಗೆ ಹೇಳುತ್ತೇನೆ.

ಮೊದಲು ಪೆಡಲ್. ಒಂದು ಡಬ್ಬಿ, ಒಂದು ಕೆಲಸ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನ ಆರಂಭದಲ್ಲಿ ಗರಗರ ಎನ್ನುವ ಗಿಟಾರ್ ಇದೆಯಲ್ಲ, ಅದು ಮೇಸ್ಟ್ರೋ ಫಝ್-ಟೋನ್ ಎಂಬ ಪೆಡಲ್‌ನ ಸದ್ದು. ಗಿಟಾರ್‌ನಿಂದ ಬರುವ ಅಲೆಯನ್ನು ಜೋರಾಗಿಸಿ ಅದರ ನೆತ್ತಿಯನ್ನು ಕತ್ತರಿಸಿದರೆ ಆ ಗರಗರ ಹುಟ್ಟುತ್ತದೆ. 1978ರಲ್ಲಿ ಬಂದ ಬಾಸ್ ಡಿಎಸ್-1 ಎಂಬ ಕಿತ್ತಳೆ ಬಣ್ಣದ ಪೆಡಲ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಇರುವುದು ಮೂರೇ ತಿರುಗಣೆ. ಮೂರನ್ನೂ ತಿರುಗಿಸಿ ಕೇಳಿದರೆ, ಒಂದು ಸಂಜೆಯಲ್ಲಿ ಅದರ ಸ್ವಭಾವ ಗೊತ್ತಾಗುತ್ತದೆ.

ಮಲ್ಟಿ-ಎಫೆಕ್ಟ್ಸ್ ಎಂದರೆ ಒಳಗೆ ಪುಟ್ಟ ಕಂಪ್ಯೂಟರ್ ಇರುವ ಪೆಟ್ಟಿಗೆ. ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್ ಎಲ್ಲ ಅದರಲ್ಲೇ ಇರುತ್ತವೆ. ಆಂಪ್ಲಿಫೈಯರ್‌ನ ಅನುಕರಣೆಯೂ ಇರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಮಧ್ಯರಾತ್ರಿ ನುಡಿಸಿದರೂ ಪಕ್ಕದ ಅಪಾರ್ಟ್‌ಮೆಂಟಿನವರು ಬಾಗಿಲು ಬಡಿಯುವುದಿಲ್ಲ. ಎಷ್ಟೋ ಪೆಟ್ಟಿಗೆಗಳನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಸೇರಿಸಿ ರೆಕಾರ್ಡ್ ಮಾಡಬಹುದು. ಒಂದೇ ಸಲ ಕಾಲಲ್ಲಿ ಒತ್ತಿದರೆ ಮೂರು ಎಫೆಕ್ಟ್ ಹೋಗಿ ಬೇರೆ ಮೂರು ಬರುತ್ತವೆ. ಕೆಲವು ಕೊಂಡ ಮೇಲೂ ಬೆಳೆಯುತ್ತವೆ. ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್ 2018ರಲ್ಲಿ ಬಂದಾಗ ಒಟ್ಟಿಗೆ 6 ಎಫೆಕ್ಟ್ ಜೋಡಿಸಬಹುದಿತ್ತು. ಆಮೇಲೆ ಒಂದು ಅಪ್‌ಡೇಟ್‌ನಿಂದ ಅದು 8 ಆಯಿತು.

ಇನ್ನು ದುಡ್ಡಿನ ಲೆಕ್ಕ. ಸುಮಾರು 200 ಡಾಲರ್‌ಗೆ ಕಲಿಯುವವರಿಗೆ ಸಾಕಾಗುವ ಮಲ್ಟಿ-ಎಫೆಕ್ಟ್ಸ್ ಸಿಗುತ್ತದೆ. ಟ್ಯೂನರ್, ಓವರ್‌ಡ್ರೈವ್, ಡಿಲೇ, ರಿವರ್ಬ್ ಎಂದು ನಾಲ್ಕು ಪೆಡಲ್ ಕೊಂಡರೆ, ಒಂದಕ್ಕೆ ಸರಾಸರಿ 100 ಹಿಡಿದರೂ 400. ಪವರ್ ಸಪ್ಲೈ, ಚಿಕ್ಕ ಕೇಬಲ್‌ಗಳು, ಹಲಗೆ ಸೇರಿ ಇನ್ನೂ 150. ಆದರೆ ಮಾರುವಾಗ ಲೆಕ್ಕ ತಿರುಗುತ್ತದೆ. ಒಳ್ಳೆಯ ಪೆಡಲ್‌ಗೆ ಹಳೆಯದಾದರೂ ಬೆಲೆ ಇರುತ್ತದೆ. ಪೆಟ್ಟಿಗೆಯ ಹೊಸ ಮಾದರಿ ಬಂದರೆ ಹಳೆಯದನ್ನು ಕೇಳುವವರು ಕಡಿಮೆ.

ಪೆಡಲ್ ಕೊಳ್ಳುವವರು ಕರೆಂಟಿನ ವಿಷಯ ತಿಳಿದಿರಲೇಬೇಕು. ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್ ಬೇಕು, ಪಿನ್ನಿನ ನಡುಭಾಗ ನೆಗೆಟಿವ್ ಇರಬೇಕು. ತಪ್ಪು ಅಡಾಪ್ಟರ್ ಚುಚ್ಚಿದರೆ ಪೆಡಲ್ ಸುಟ್ಟೇ ಹೋಗಬಹುದು. ಸಾಮಾನ್ಯ ಓವರ್‌ಡ್ರೈವ್‌ಗೆ ಹತ್ತು ಮಿಲಿಆಂಪ್ ಸಾಕಾದರೆ, ಡಿಜಿಟಲ್ ರಿವರ್ಬ್‌ಗೆ ನೂರಕ್ಕೂ ಮೇಲೆ ಬೇಕಾಗುತ್ತದೆ. ಒಂದೇ ಅಗ್ಗದ ಅಡಾಪ್ಟರ್‌ಗೆ ಎಲ್ಲವನ್ನೂ ಸಾಲಾಗಿ ಸಿಕ್ಕಿಸಿದರೆ ಹಾಡಿನ ಹಿಂದೆ ಜೇನುನೊಣ ಗುಂಯ್‌ಗುಟ್ಟಿದ ಹಾಗೆ ಕೇಳಿಸಬಹುದು.

ಎರಡರಲ್ಲಿ ಯಾವುದನ್ನು ಕೊಂಡರೂ ಎಫೆಕ್ಟ್‌ಗಳ ಕ್ರಮ ಕಲಿಯಬೇಕು. ಒಗ್ಗರಣೆಗೆ ಎಣ್ಣೆ ಕಾಯಬೇಕು, ಸಾಸಿವೆ ಸಿಡಿಯಬೇಕು, ಆಮೇಲೆ ಕರಿಬೇವು. ಸಾಮಾನು ಅವೇ ಇದ್ದರೂ ಕ್ರಮ ತಪ್ಪಿದರೆ ರುಚಿ ಬೇರೆ. ಡಿಸ್ಟಾರ್ಷನ್ ಮೊದಲು, ಡಿಲೇ ನಂತರ ಇಟ್ಟರೆ ಪ್ರತಿಧ್ವನಿ ಸ್ಪಷ್ಟವಾಗಿ ಮರಳುತ್ತದೆ. ತಿರುಗಿಸಿ ಇಟ್ಟರೆ ಹಳೆಯ ಸ್ವರ, ಹೊಸ ಸ್ವರ ಎಲ್ಲ ಸೇರಿ ಕಲಸುಮೇಲೋಗರ. ಬೇಕೆಂದೇ ಹಾಗೆ ಮಾಡುವವರೂ ಇದ್ದಾರೆ, ಆದರೆ ತಿಳಿದು ಮಾಡುತ್ತಾರೆ.

ನಮ್ಮ ಹಾಡುಗಳಿಗೆ ನುಡಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ನಿಮಿಷಕ್ಕೆ 100 ಬಡಿತದ ಲಯವಾದರೆ ಒಂದು ಬಡಿತಕ್ಕೆ 600 ಮಿಲಿಸೆಕೆಂಡ್. ಡಿಲೇಯನ್ನು ಅಷ್ಟಕ್ಕೇ ಇಟ್ಟುಕೊಂಡು ಬರುತ್ತೀರಿ. ವೇದಿಕೆಯಲ್ಲಿ ತಬಲಾದವರು ಹುರುಪಿನಲ್ಲಿ 110ಕ್ಕೆ ಓಡುತ್ತಾರೆ. ಈಗ ಬೇಕಾಗಿರುವುದು ಸುಮಾರು 545. ನಿಮ್ಮ ಪ್ರತಿಧ್ವನಿ ತಾಳದ ಕಾಲು ತುಳಿಯುತ್ತದೆ. ಅದಕ್ಕೇ ಕಾಲಿನಿಂದ ತಾಳ ತಟ್ಟಿ ಡಿಲೇ ಹೊಂದಿಸುವ ಟ್ಯಾಪ್ ಟೆಂಪೋ ಇರುವುದನ್ನು ಕೊಳ್ಳಿ. ಇಲ್ಲದಿದ್ದರೆ ಡಿಲೇಯನ್ನು ಮೆಲ್ಲಗಿಡಿ.

ನನ್ನ ಮಗ ಕೊನೆಗೆ ಚಿಕ್ಕ ಮಲ್ಟಿ-ಎಫೆಕ್ಟ್ಸ್ ಪೆಟ್ಟಿಗೆ ತಂದ. ಮೊದಲ ತಿಂಗಳು ನುಡಿಸಿದ್ದಕ್ಕಿಂತ ಮೆನು ತಿರುವಿದ್ದೇ ಹೆಚ್ಚು. ಕೋಣೆಯಲ್ಲಿ ಸಿಂಹದಂತೆ ಗರ್ಜಿಸುತ್ತಿದ್ದ ಸದ್ದು, ಗೆಳೆಯರ ಡ್ರಮ್ಸ್ ಜೊತೆ ನುಡಿಸಿದಾಗ ಕಾಣೆಯಾಯಿತು. ಕಾರಣ ಆಮೇಲೆ ತಿಳಿಯಿತು. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ತಗ್ಗಿನ ಸ್ವರ, ತೀರಾ ಏರಿನ ಸ್ವರ ಕಡಿಮೆ ಕೇಳಿಸುತ್ತವೆ. ಆದ್ದರಿಂದ ಕೋಣೆಯಲ್ಲಿ ಅವೆರಡನ್ನೂ ಏರಿಸಿ, ನಡುವಿನದನ್ನು ಇಳಿಸಿಬಿಡುತ್ತೇವೆ. ಗುಂಪಿನಲ್ಲಿ ಗಿಟಾರ್ ಎದ್ದು ಕೇಳುವುದು ಆ ನಡುವಿನ ಸ್ವರದಿಂದಲೇ. ಈಗ ಅವನು ಮೂರೇ ಸದ್ದು ಉಳಿಸಿಕೊಂಡಿದ್ದಾನೆ. ಒಂದು ಸಾದಾ, ಒಂದು ಸ್ವಲ್ಪ ಒರಟು, ಒಂದು ಪ್ರತಿಧ್ವನಿ ಇರುವುದು. ವರ್ಷವಾದ ಮೇಲೆ ಇವುಗಳಲ್ಲಿ ಯಾವುದಿಲ್ಲದೆ ಆಗುವುದಿಲ್ಲವೋ ಅದಕ್ಕೊಂದು ಒಳ್ಳೆಯ ಪೆಡಲ್ ಕೊಂಡು ಪೆಟ್ಟಿಗೆಯ ಮುಂದೆ ಜೋಡಿಸುತ್ತಾನಂತೆ. ಎರಡನ್ನೂ ಸೇರಿಸಿ ಬಳಸಬಹುದು.

ನಿಮಗೆ ಯಾವ ಸದ್ದು ಬೇಕೆಂದು ಇನ್ನೂ ಗೊತ್ತಿಲ್ಲದಿದ್ದರೆ ಚಿಕ್ಕ ಪೆಟ್ಟಿಗೆ ಕೊಳ್ಳಿ. ಗೊತ್ತಿದ್ದರೆ, ಮನೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್ ಇದ್ದರೆ, ಒಂದೇ ಒಂದು ಪೆಡಲ್ ಕೊಳ್ಳಿ. ಯಾವುದನ್ನು ಕೊಂಡರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಮಬ್ಬು ಬೆಳಕಿನ ವೇದಿಕೆಯಲ್ಲಿ ಇದು ಕೈಕೊಟ್ಟರೆ ಎರಡು ನಿಮಿಷದಲ್ಲಿ ನಾನು ಏನು ಮಾಡುತ್ತೇನೆ? ಪೆಟ್ಟಿಗೆಯಾದರೆ ಏನೂ ಸೇರಿಸದ ಸಾದಾ ಸದ್ದು ಯಾವ ನಂಬರಿನಲ್ಲಿದೆ ಎಂದು ಬಾಯಿಪಾಠ ಇರಲಿ. ಪೆಡಲ್‌ಗಳಾದರೆ ಒಂದು ಉದ್ದನೆಯ ಕೇಬಲ್ ಹೆಚ್ಚಿಗೆ ಇರಲಿ. ಪೆಟ್ಟಿಗೆಯೇ ಸತ್ತರೂ ಆ ಕೇಬಲ್ಲೇ ಗತಿ.

ಅವತ್ತು ಆ ಹುಡುಗ ಐದು ಪೆಡಲ್‌ಗಳನ್ನೂ ಬಿಟ್ಟು ಗಿಟಾರ್‌ನಿಂದ ನೇರವಾಗಿ ಆಂಪ್ಲಿಫೈಯರ್‌ಗೆ ಒಂದು ಕೇಬಲ್ ಚುಚ್ಚಿದ್ದರೆ ಸಾಕಿತ್ತು. ಅಷ್ಟೊತ್ತಿನ ಗಾಬರಿಯಲ್ಲಿ ಅವನಿಗೆ ಹೊಳೆಯಲಿಲ್ಲ. ಹೇಳಬೇಕಾಗಿದ್ದ ನನಗೆ ಗೊತ್ತಿರಲಿಲ್ಲ. ಭಾವಗೀತೆಗೆ ಸಾದಾ ಗಿಟಾರ್ ಏನೂ ಕಡಿಮೆಯಾಗುತ್ತಿರಲಿಲ್ಲ.

ಈ ಸಲದ ರಾಜ್ಯೋತ್ಸವಕ್ಕೆ ಗಿಟಾರ್ ನುಡಿಸುವ ಪ್ರತಿಯೊಬ್ಬರಿಗೂ ಮುಂಚಿತವಾಗಿ ಹತ್ತು ನಿಮಿಷ ಸೌಂಡ್ ಚೆಕ್ ಕೊಡಿಸಿದ್ದೇನೆ. ನನ್ನ ಚೀಲದಲ್ಲಿ ಕಾರ್ಯಕ್ರಮದ ಪಟ್ಟಿಯ ಜೊತೆ ಇಪ್ಪತ್ತು ಅಡಿಯ ಒಂದು ಕೇಬಲ್ ಇರುತ್ತದೆ. ಆ ಹುಡುಗನಿಗೂ ಫೋನ್ ಮಾಡಿ ತಪ್ಪು ನನ್ನದೂ ಇತ್ತು ಎಂದಿದ್ದೇನೆ. "ನೋಡ್ತೀನಿ ಆಂಟಿ" ಅಂದಿದ್ದಾನೆ. ನೀವೂ ಬನ್ನಿ.