ಮನಸ್ಸಿಗೆ ಬಿದ್ದ ಪೆಟ್ಟು

ಕಾಲು ಮುರಿದವನನ್ನು ‘ಎದ್ದು ಓಡು’ ಎಂದು ಯಾರೂ ಗದರಿಸುವುದಿಲ್ಲ. ಮನಸ್ಸಿಗೆ ಪೆಟ್ಟು ಬಿದ್ದವನಿಗೆ ಮಾತ್ರ ‘ಮರೆತುಬಿಡು, ಧೈರ್ಯ ತಂದುಕೊ’ ಎಂಬ ಉಪದೇಶ ದಿನಕ್ಕೆ ಹತ್ತು ಸಲ ದೊರೆಯುತ್ತದೆ. ಹೇಳುವವರು ಕೆಟ್ಟವರೆಂದಲ್ಲ, ಗಾಯ ಅವರ ಕಣ್ಣಿಗೆ ಬೀಳದು, ಅಷ್ಟೆ.

ನಮ್ಮ ಕವಿಗಳಿಗೆ ಅದು ಕಂಡಿತ್ತು. ರನ್ನನ ದುರ್ಯೋಧನ ರಣರಂಗದಲ್ಲಿ ನಡೆಯುತ್ತ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ನಿಂತು ಹಲುಬುವುದನ್ನು ನಾವು ಪಂಡಿತರು ಕರುಣರಸವೆಂದು ಹೆಸರಿಟ್ಟು ಪಾಠ ಮುಗಿಸಿಬಿಡುತ್ತೇವೆ. ವೈದ್ಯರಿಗೆ ಇದು ತಡವಾಗಿ ಹೊಳೆಯಿತು. ಮೊದಲ ಮಹಾಯುದ್ಧದಲ್ಲಿ ಮೈಯಲ್ಲಿ ಗಾಯವೇ ಇಲ್ಲದ ಸೈನಿಕರು ನಡುಗುತ್ತ, ಮಾತು ಕಳೆದುಕೊಂಡು ಬಂದಾಗ, 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬವರು ಅದನ್ನು ‘ಶೆಲ್ ಶಾಕ್’ ಎಂದು ಕರೆದು ಬರೆದರು. ಅಂಥವರಲ್ಲಿ ಕೆಲವರಿಗೆ ಹೇಡಿಗಳೆಂದು ಗುಂಡಿಕ್ಕಿದ್ದೂ ಉಂಟು. ಕೊನೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಈ ಬೇನೆಗೆ ಒಂದು ಸ್ಥಾನ ಕೊಟ್ಟಿತು.

ಇದಕ್ಕೆ ಯುದ್ಧವೇ ಆಗಬೇಕೆಂದಿಲ್ಲ. ಬಸ್ಸಿನ ಅಪಘಾತ, ಬೆಂಕಿ, ಬಲಾತ್ಕಾರ, ದಿನವೂ ಹೊಡೆತ ತಿನ್ನುವ ಮನೆವಾಸ, ಯಾವುದಾದರೂ ಸಾಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವಷ್ಟೆ. ಆ ಸೀಮೆಯಿಂದ ನೆಂಟರ ಮನೆಗೆ ಬಂದು ನಮ್ಮ ಶಾಲೆ ಸೇರಿದ ಹುಡುಗನೊಬ್ಬ, ಹೆಂಚಿನ ಮೇಲೆ ಮಳೆ ಬಡಿದೊಡನೆ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ, ಅದನ್ನು ಎದೆಗವಚಿಕೊಂಡು ಬಾಗಿಲನ್ನೇ ನೋಡುತ್ತಿದ್ದ. ಪಾಠದಲ್ಲಿ ಲಕ್ಷ್ಯವಿಲ್ಲವೆಂದು ಉಪಾಧ್ಯಾಯರೊಬ್ಬರು ಬೆಂಚಿನ ಮೇಲೆ ನಿಲ್ಲಿಸಿದರು. ಅವನ ಲಕ್ಷ್ಯವೆಲ್ಲ ಗುಡ್ಡದ ಸದ್ದಿನಲ್ಲಿತ್ತು.

ನಡೆದುಹೋದದ್ದು ಈಗಲೇ ನಡೆಯುತ್ತಿದೆ ಎಂದು ಮೈ ನಂಬುವುದೇ ಈ ಬೇನೆಯ ತಿರುಳು. ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಆ ದಾರಿಯನ್ನೇ ತಪ್ಪಿಸಿ ಓಡಾಡುವುದು, ಮುಂಗೋಪ, ತನ್ನವರಲ್ಲೂ ಒಲವು ಬತ್ತುವುದು ಇದರ ಲಕ್ಷಣಗಳು. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಇದು ತಾನಾಗಿ ಇಳಿಯುತ್ತದೆ. ತಿಂಗಳು ಕಳೆದರೂ ಇಳಿಯದೆ ನಿದ್ರೆ, ಓದು, ದುಡಿಮೆ ಕೆಟ್ಟರೆ ವೈದ್ಯರನ್ನು ಕಾಣಬೇಕು.

ಅಲ್ಲಿಯ ತನಕ ಮನೆಯವರ ಕೆಲಸವೇನು? ಹೊತ್ತಿಗೆ ಸರಿಯಾಗಿ ಊಟ, ನಿದ್ರೆ, ಪಕ್ಕದಲ್ಲೊಬ್ಬರು. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ಅನಾಹುತವಾದ ಕೂಡಲೇ ಎಲ್ಲವನ್ನೂ ಹೇಳಿಸಿಬಿಟ್ಟರೆ ಎದೆ ಹಗುರವಾಗುವುದೆಂಬ ಪದ್ಧತಿಯೊಂದು ಬಹಳ ಹೆಸರು ಮಾಡಿತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ಬೇನೆ ತಪ್ಪಲಿಲ್ಲ. ಕೆಲವರಿಗೆ ಹೆಚ್ಚಿತು ಕೂಡ. ಮುಂದೆ, ಪಳಗಿದ ಚಿಕಿತ್ಸಕರ ಜೊತೆ ಕುಳಿತು ಆ ನೆನಪನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು ಬೇರೆ ಮಾತು. ಅದರಿಂದ ಗುಣ ಕಂಡವರು ಅನೇಕರು. ನಿದ್ರೆಗೆಂದು ಮದ್ಯಕ್ಕೆ ಮೊರೆಹೋಗುವವರ ಗತಿ ಮಾತ್ರ ಹದಗೆಡುತ್ತದೆ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗಲಾರದವರಿಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಉಂಟು. ದೂರವಾಣಿ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾದ್ದಿಲ್ಲ. ನೊಂದವರಿಗೆ ಮೊದಲ ಸಲ ಮಾತು ಹೊರಡದಿದ್ದರೆ ಮನೆಯವರೇ ಕರೆಮಾಡಿ ವಿಷಯ ತಿಳಿಸಬಹುದು.