ಸರದಿಯ ಪ್ರಭುತ್ವ

‘ಪ್ರಜಾಪ್ರಭುತ್ವ’ ಎಂಬ ಮಾತು ನಮ್ಮ ನಾಲಗೆಯ ಮೇಲೆ ಎಷ್ಟು ಸಲೀಸಾಗಿ ಹೊರಳುತ್ತದೆಂದರೆ, ಅದರೊಳಗಿನ ತೊಡಕು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಪ್ರಜೆ ಎಂದರೆ ಸಂತಾನ. ಅಲ್ಲಿಂದ ಮುಂದೆ, ರಾಜನ ಆಶ್ರಯದಲ್ಲಿ ಬಾಳುವವನು. ಆಳಿಸಿಕೊಳ್ಳುವವನನ್ನು ಹೇಳುವ ಪದವನ್ನೂ ಆಳ್ವಿಕೆಯನ್ನು ಹೇಳುವ ಪದವನ್ನೂ ಒಂದೇ ಸಮಾಸದಲ್ಲಿ ಬಿಗಿದು ನಾವು ನಿಶ್ಚಿಂತರಾಗಿದ್ದೇವೆ. ಗ್ರೀಕರ ‘ಡೆಮೊಕ್ರಾಟಿಯ’ದಲ್ಲಿ ಈ ತೊಡಕಿಲ್ಲ. ‘ಡೆಮೋಸ್’ ಎಂದರೆ ಜನಸಮುದಾಯ. ವಿರೋಧಿಗಳ ಬಾಯಲ್ಲಿ, ಬಡವರ ಗುಂಪು. ‘ಕ್ರಾಟೋಸ್’ ಎಂದರೆ ಬಲ, ಹಿಡಿತ. ಜನರ ಹೆಸರಿನಲ್ಲಿ ಮತ್ತಾರೋ ಆಳುವುದಲ್ಲ. ಹಿಡಿತ ಜನರ ಕೈಯಲ್ಲೇ ಇರುವುದು. ನಾಗರಿಕನೆಂದರೆ ಆಳುವುದರಲ್ಲಿಯೂ ಆಳಿಸಿಕೊಳ್ಳುವುದರಲ್ಲಿಯೂ ಪಾಲುಳ್ಳವನು ಎಂದು ಅರಿಸ್ಟಾಟಲ್ ಬಗೆದ. ಇಂದು ನಾನು, ನಾಳೆ ನೀನು ಎಂಬ ಈ ಸರದಿಯೇ ಆ ವ್ಯವಸ್ಥೆಯ ತಿರುಳು.

ಸರದಿಯನ್ನು ಅವರು ನಡೆಸಿದ ರೀತಿ ನಮಗೆ ವಿಚಿತ್ರವಾಗಿ ಕಂಡೀತು. ಅಥೆನ್ಸಿನ ಐನೂರು ಮಂದಿಯ ಮಂಡಲಿಗೆ ಸದಸ್ಯರು ಆಯ್ಕೆಯಾಗುತ್ತಿದ್ದುದು ಚುನಾವಣೆಯಿಂದಲ್ಲ, ಚೀಟಿ ಎತ್ತುವುದರಿಂದ. ಹತ್ತು ಬಣಗಳಿಂದ ಐವತ್ತು ಐವತ್ತು ಮಂದಿ; ವಯಸ್ಸು ಮೂವತ್ತು ದಾಟಿರಬೇಕು; ಅವಧಿ ಒಂದು ವರ್ಷ; ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಕೂಡದು. ಆ ಐವತ್ತು ಮಂದಿಯ ತಂಡಗಳು ಸರದಿಯಂತೆ ನಗರದ ಕಾರ್ಯಭಾರ ನೋಡುತ್ತಿದ್ದುವು. ತಂಡದ ಅಧ್ಯಕ್ಷನೂ ಚೀಟಿಯಿಂದಲೇ ಬರಬೇಕು. ಅವನ ಅಧಿಕಾರ ಒಂದು ರಾತ್ರಿ, ಒಂದು ಹಗಲು. ಆ ಒಂದು ದಿನ ಬೊಕ್ಕಸದ ಬೀಗದ ಕೈ, ರಾಜ್ಯದ ಮುದ್ರೆ ಎರಡೂ ಅವನ ವಶದಲ್ಲಿ. ಮರುದಿನ ಅವನು ಮತ್ತೆ ಚಮ್ಮಾರನೋ ಕುಂಬಾರನೋ ಆಗಿ ತನ್ನ ಕೆಲಸಕ್ಕೆ ಮರಳುತ್ತಿದ್ದ. ನ್ಯಾಯಾಲಯಗಳಲ್ಲಿ ತೀರ್ಪು ಕೊಡುವವರನ್ನು ಆರಿಸಲು ಸಾಲು ಸಾಲಾಗಿ ಸೀಳು ಕೊರೆದ ಕಲ್ಲಿನ ಯಂತ್ರವೊಂದನ್ನೇ ಅವರು ನಿರ್ಮಿಸಿಕೊಂಡಿದ್ದರು. ಅದರ ತುಣುಕುಗಳು ಇಂದಿಗೂ ಉಳಿದಿವೆ.

ನಮ್ಮ ನಾಡಿಗೂ ಚೀಟಿಯ ಪದ್ಧತಿ ಅಪರಿಚಿತವಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ, ಚೋಳ ಪರಾಂತಕನ ಕಾಲದ ಹತ್ತನೆಯ ಶತಮಾನದ ಶಾಸನ, ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ ಬಾಲಕನೊಬ್ಬನಿಂದ ಎತ್ತಿಸುವ ಕ್ರಮವನ್ನು ವಿವರವಾಗಿ ಹೇಳುತ್ತದೆ. ಆದರೆ ಅಲ್ಲಿ ಕೊಡದೊಳಗೆ ಹೆಸರು ಬೀಳಲು ಭೂಮಿ ಇರಬೇಕು, ವೇದ ಬಲ್ಲವನಾಗಿರಬೇಕು.

ಅರಿಸ್ಟಾಟಲನ ಒಂದು ಮಾತು ನಮ್ಮನ್ನು ಬೆಚ್ಚಿಬೀಳಿಸುವಂಥದು. ಅಧಿಕಾರಿಗಳನ್ನು ಚೀಟಿಯಿಂದ ಆರಿಸುವುದು ಪ್ರಜಾಪ್ರಭುತ್ವದ ಲಕ್ಷಣ, ಮತದಿಂದ ಆರಿಸುವುದು ಕೆಲವರ ಪ್ರಭುತ್ವದ ಲಕ್ಷಣ ಎಂಬುದು ಒಪ್ಪಿತವಾದ ಅಭಿಪ್ರಾಯವೆಂದು ಅವನು ಬರೆಯುತ್ತಾನೆ. ಕಾರಣ ಊಹಿಸುವುದು ಕಷ್ಟವಲ್ಲ. ಮತ ಕೇಳುವವನಿಗೆ ಹೆಸರು ಬೇಕು, ಹಣ ಬೇಕು, ಮಾತಿನ ಚಾತುರ್ಯ ಬೇಕು, ಮನೆತನವಿದ್ದರಂತೂ ಸರಿಯೇ ಸರಿ. ಚೀಟಿಗೆ ಇದಾವುದರ ಪರಿಚಯವೂ ಇಲ್ಲ. 1951–52ರ ನಮ್ಮ ಮೊದಲ ಮಹಾಚುನಾವಣೆಯಲ್ಲಿ ಹದಿನೇಳು ಕೋಟಿಗೂ ಮಿಕ್ಕ ಮತದಾರರಿದ್ದರು. ಹೆಂಗಸರೂ ಇದ್ದರು, ಅಕ್ಷರ ಬಾರದವರೂ ಇದ್ದರು. ಅಥೆನ್ಸಿನ ಸ್ತ್ರೀಯರಿಗೆ, ಗುಲಾಮರಿಗೆ, ನೆಲೆಸಿದ ಪರದೇಶಿಯರಿಗೆ ಈ ಹಕ್ಕು ಕನಸಿನಲ್ಲಿಯೂ ಇರಲಿಲ್ಲ. ಅಷ್ಟು ದೊಡ್ಡ ಸಮುದಾಯವನ್ನು ಕಂಡು ಅರಿಸ್ಟಾಟಲ್ ಬೆರಗಾಗುತ್ತಿದ್ದನೇನೋ. ಆದರೆ ಮತ ಹಾಕಿ ಮನೆಗೆ ಮರಳಿದವನು ಐದು ವರ್ಷ ಏನು ಮಾಡುತ್ತಾನೆಂದು ಕೇಳದೆ ಬಿಡುತ್ತಿರಲಿಲ್ಲ.

ಅಥೆನ್ಸಿನವರೂ ಎಲ್ಲವನ್ನೂ ಚೀಟಿಗೆ ಒಪ್ಪಿಸಲಿಲ್ಲ. ದಂಡನಾಯಕರನ್ನು ಮತದಿಂದಲೇ ಆರಿಸುತ್ತಿದ್ದರು. ಪೆರಿಕ್ಲಿಸ್ ವರ್ಷ ವರ್ಷವೂ ಹಾಗೆ ಆಯ್ಕೆಯಾಗಿ ಬಂದವನು. ಹಡಗು ನಡೆಸಲು ತಿಳಿದವನು ಬೇಕಾದರೆ ರಾಜ್ಯ ನಡೆಸಲು ಬೇಡವೇ ಎಂಬುದು ಪ್ಲೇಟೊವಿನ ಆಕ್ಷೇಪ. ಇದಕ್ಕೆ ಉತ್ತರವೂ ಪ್ಲೇಟೊವಿನ ಸಂವಾದವೊಂದರಲ್ಲೇ ಇದೆ. ಅದನ್ನು ಹೇಳುವವನು ಪ್ರೊಟಾಗೊರಸ್. ಮನುಷ್ಯರು ಒಟ್ಟಾಗಿ ಬಾಳಲಾರದೆ ನಾಶವಾಗುತ್ತಿದ್ದಾಗ ಜ್ಯೂಸ್ ದೇವನು ಲಜ್ಜೆಯನ್ನೂ ನ್ಯಾಯವನ್ನೂ ಭೂಮಿಗೆ ಕಳುಹಿದನಂತೆ. ವೈದ್ಯವಿದ್ಯೆಯಂತೆ ಕೆಲವರಿಗೆ ಮಾತ್ರ ಕೊಡಲೋ, ಎಲ್ಲರಿಗೂ ಹಂಚಲೋ ಎಂದು ದೂತನು ಕೇಳಿದ. ಎಲ್ಲರಿಗೂ ಎಂದ ಜ್ಯೂಸ್. ಕೆಲವರಲ್ಲಿ ಮಾತ್ರ ಇದ್ದರೆ ಪಟ್ಟಣಗಳು ನಿಲ್ಲಲಾರವು.

ಹಾಗೆ ಎಲ್ಲರಿಗೂ ಹಂಚಿದ ವಿವೇಕ ಮಂಕಾದ ದಿನಗಳೂ ಇದ್ದುವು. ಕ್ರಿ. ಪೂ. 427ರಲ್ಲಿ, ದಂಗೆಯೆದ್ದು ಸೋತ ಮಿಟಿಲೀನ್ ಪಟ್ಟಣದ ವಿಚಾರ ಅಥೆನ್ಸಿನ ಮಹಾಸಭೆಯ ಮುಂದೆ ಬಂತು. ಕೋಪ ನೆತ್ತಿಗೇರಿತ್ತು. ಆ ಊರಿನ ವಯಸ್ಕ ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿಸಬೇಕು ಎಂದು ಸಭೆ ನಿರ್ಧರಿಸಿತು. ಆಜ್ಞೆ ಹೊತ್ತು ಹಡಗು ಅಂದೇ ಹೊರಟಿತು. ರಾತ್ರಿ ಕಳೆಯುವಷ್ಟರಲ್ಲಿ ಜನರ ಮನಸ್ಸು ಕದಡಿತು. ಮರುದಿನ ಮತ್ತೆ ಸಭೆ. ಸಾಮ್ರಾಜ್ಯ ಬೇಕೆಂದರೆ ಕರುಣೆ ಬಿಡಬೇಕು, ನಿನ್ನೆಯ ಮಾತನ್ನು ಇಂದು ಬದಲಿಸುವ ಪ್ರಜಾಪ್ರಭುತ್ವ ಅನ್ಯರನ್ನು ಆಳಲಾರದು ಎಂದು ಕ್ಲಿಯಾನ್ ವಾದಿಸಿದ. ಡಯೊಡೊಟಸ್ ಎಂಬವನು ಎದುರು ನಿಂತ. ಕರುಣೆಯ ಮಾತನ್ನು ಅವನು ಎತ್ತಲೇ ಇಲ್ಲ. ಅವಸರವೂ ಸಿಟ್ಟೂ ಒಳ್ಳೆಯ ಆಲೋಚನೆಯ ಶತ್ರುಗಳು, ಈ ಕೊಲೆಯಿಂದ ನಮಗೇ ನಷ್ಟ ಎಂದ. ಎತ್ತಿದ ಕೈಗಳು ಹೆಚ್ಚುಕಡಿಮೆ ಸಮಸಮವಾಗಿದ್ದುವು. ಡಯೊಡೊಟಸನ ಪಕ್ಷ ಗೆದ್ದಿತು.

ಎರಡನೆಯ ಹಡಗು ಹೊರಟಾಗ ಮೊದಲನೆಯದು ಸುಮಾರು ಒಂದು ಹಗಲು, ಒಂದು ರಾತ್ರಿಯಷ್ಟು ಮುಂದಿತ್ತು. ಹುಟ್ಟು ಹಾಕುವವರಲ್ಲಿ ಅನೇಕರು ಅಥೆನ್ಸಿನ ಬಡ ನಾಗರಿಕರು, ಸಭೆಯಲ್ಲಿ ಕೈಯೆತ್ತುವ ಹಕ್ಕುಳ್ಳವರು. ದ್ರಾಕ್ಷಾರಸ, ಎಣ್ಣೆಗಳಲ್ಲಿ ಕಲಸಿದ ಜವೆಯ ಹಿಟ್ಟನ್ನು ಹುಟ್ಟು ಬಿಡದೆಯೇ ತಿಂದರು. ಸರದಿಯ ಮೇಲೆ ನಿದ್ರಿಸಿದರು. ಗಾಳಿ ಎದುರಾಗಲಿಲ್ಲ. ಮೊದಲ ಹಡಗಿನವರು, ಹೊತ್ತೊಯ್ಯುತ್ತಿದ್ದ ಕೆಲಸ ಅಂಥದಾದ್ದರಿಂದ, ಆತುರಪಡಲಿಲ್ಲವೆಂದು ಥೂಸಿಡಿಡೀಸ್ ಬರೆದಿದ್ದಾನೆ. ಎರಡನೆಯ ಹಡಗು ದಡ ಮುಟ್ಟಿದಾಗ ದಂಡನಾಯಕ ಪಾಕಿಸ್ ಆಜ್ಞೆಯನ್ನು ಓದಿ ಮುಗಿಸಿದ್ದ. ಅದನ್ನು ಜಾರಿಗೆ ತರುವುದಷ್ಟೇ ಉಳಿದಿತ್ತು. ಊರು ಉಳಿಯಿತು. ಆದರೆ ದಂಗೆಯ ಮುಖ್ಯ ಹೊಣೆಗಾರರೆಂದು ಮೊದಲೇ ಅಥೆನ್ಸಿಗೆ ಸಾಗಿಸಿದ್ದವರನ್ನು, ಸಾವಿರಕ್ಕೂ ಹೆಚ್ಚು ಮಂದಿಯೆಂದು ಅದೇ ಗ್ರಂಥ ಹೇಳುತ್ತದೆ, ಕ್ಲಿಯಾನನ ಸೂಚನೆಯ ಮೇರೆಗೆ ಕೊಲ್ಲಲಾಯಿತು. ಆ ನಿರ್ಣಯವೂ ಜನರದೇ ಆಗಿತ್ತು.